ಅಕ್ಕನ ಕುಕ್ಕರ್ ಹೊತ್ತು ನಡೆದವನು

ಅಥವಾ ಆ ದಿನ ಬಸ್ಸು ಕೆಟ್ಟು ನಿಂತದ್ದೇ ಸುಳ್ಳಿರಬಹುದು. ಸಿದ್ದಾಪುರದ ಗುಡ್ಡಗಳು ಕಾಣುವ ಕಡೆ ಬಸ್ಸಿನಿಂದ ಇಳಿದು, ರಿಪೇರಿಯಾದ ಕುಕ್ಕರನ್ನು ಟವೆಲ್ಲಿನಲ್ಲಿ ಕಟ್ಟಿ ಹೆಗಲಿಗೇರಿಸಿ, ನಾನು ಮೊಳಕಾಲ್ಮೂರಿನ ಅಕ್ಕನ ಮನೆಯವರೆಗೆ ಉರಿಬಿಸಿಲಲ್ಲಿ ನಡೆದದ್ದು, ದಾರಿಯಲ್ಲಿ ಕುರಿ ಕಾಯುವವನೊಬ್ಬ ಮಜ್ಜಿಗೆ ಕೊಟ್ಟದ್ದು, ಎಲ್ಲೋ ಕುಕ್ಕರಿನ ವಿಷಲ್ ಬಿದ್ದುಹೋದದ್ದು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ನನಗೆ ಅನುಮಾನ ಬಂದದ್ದೇ ಅದರಿಂದ. ನಿಜವಾಗಿ ಆದ ಸಂಗತಿಗಳು ನನಗೆ ಇಷ್ಟು ಅಚ್ಚುಕಟ್ಟಾಗಿ ನೆನಪಿರುವುದಿಲ್ಲ. ನನ್ನ ಮದುವೆಯ ದಿನದಿಂದ ಉಳಿದಿರುವುದು ಹೊಸ ಚಪ್ಪಲಿ ಕಚ್ಚಿದ ಜಾಗ ಮಾತ್ರ. ಅದು ಯಾವ ಕಾಲು ಎಂಬುದರಲ್ಲೂ ಎರಡು ಅಭಿಪ್ರಾಯಗಳಿವೆ, ಎರಡೂ ನನ್ನವೇ.

ಚಳ್ಳಕೆರೆಯಲ್ಲಿ ಮೂವತ್ತು ವರ್ಷ ಟೈಪಿಂಗ್ ಕಲಿಸಿದವನು ನಾನು. ಇವತ್ತಿಗೂ ಕಣ್ಣು ಮುಚ್ಚಿ ಕೂತರೆ ಬೆರಳುಗಳಿಗೆ ಪ್ರತಿ ಅಕ್ಷರದ ಜಾಗ ಗೊತ್ತು. ಕನ್ನಡಕದ ಜಾಗ ಮಾತ್ರ ತಲೆಗೆ ಗೊತ್ತಿಲ್ಲ. ಒಂದೇ ವಾರದಲ್ಲಿ ಎರಡು ಸಲ ಗ್ಯಾಸ್ ಆರಿಸದೆ ಬಂದ ಮೇಲೆ ಹೆಂಡತಿ ಸರೋಜ ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಗಾಬರಿ ಬೇಡ, ಸ್ವಲ್ಪ ನೆನಪಿನ ತೊಂದರೆ ಇದೆ ಅಷ್ಟೇ. ದಿನಾ ನಡೀರಿ, ಯಾರ ಜೊತೆಗಾದರೂ ಮಾತಾಡ್ತಾ ನಡೀರಿ. ನಡೆಯೋರಿಗೆ ನೆನಪು ಕುಗ್ಗೋದು ನಿಧಾನ ಆಗಬಹುದು" ಎಂದರು.

"ಆಗ್ತೈತೋ, ಆಗಬಹುದೋ?" ಸರೋಜ ಕೇಳಿದಳು.

"ಆಗಬಹುದು" ಎಂದರು ಡಾಕ್ಟರು. ಈ ಪ್ರಾಮಾಣಿಕತೆ ನನಗೆ ಹಿಡಿಸಿತು, ಸರೋಜಳಿಗೆ ಹಿಡಿಸಲಿಲ್ಲ. ಆರು ತಿಂಗಳಾದ ಮೇಲೆ ಇನ್ನೊಮ್ಮೆ ಪರೀಕ್ಷೆ, ಅದರಲ್ಲಿ ಡಾಕ್ಟರು ಸರಿ ಎನ್ನುವವರೆಗೆ ನಾನು ಒಬ್ಬನೇ ಮೊಳಕಾಲ್ಮೂರು ಬಸ್ ಹತ್ತಕೂಡದು ಎಂದು ಅವಳು ಅಲ್ಲೇ ಕಾನೂನು ಮಾಡಿದಳು. ಎಂಬತ್ತು ದಾಟಿದ ಅಕ್ಕನನ್ನು ತಿಂಗಳಿಗೊಮ್ಮೆ ಒಬ್ಬನೇ ಹೋಗಿ ನೋಡಿ ಬರುವುದು ನನಗೆ ಉಳಿದಿದ್ದ ಒಂದೇ ಸ್ವಾತಂತ್ರ್ಯ. ಆ ಮನೆಯಲ್ಲಿ ಯಾರೂ ನನ್ನನ್ನು ಮಾತ್ರೆ ನುಂಗಿದಿರಾ ಎಂದು ಕೇಳುವುದಿಲ್ಲ.

ನಡೆಯಲು ಜೊತೆಗಾರನಾಗಿ ಹಳೆಯ ಗೆಳೆಯ ಬಾಷಾ ಸಿಕ್ಕ. ಅವನು ಸ್ಟವ್, ಕುಕ್ಕರ್, ಪಂಪು, ಏನು ಕೊಟ್ಟರೂ ಬಿಚ್ಚಿ ಜೋಡಿಸುತ್ತಿದ್ದ ಮೆಕ್ಯಾನಿಕ್ಕು. ಇತ್ತೀಚೆಗೆ ಬಿಚ್ಚಿದ ಮೇಲೆ ಜೋಡಿಸುವುದು ಮರೆತುಹೋಗುತ್ತದೆಂದು ಮಗ ಅಂಗಡಿ ಬಿಡಿಸಿದ್ದ. ಅವನಿಗೂ ಅದೇ ಡಾಕ್ಟರು, ಅದೇ ಔಷಧಿ: ನಡಿಗೆ. ಒಬ್ಬರು ದಾರಿ ಮರೆತರೆ ಇನ್ನೊಬ್ಬರು ಹೇಳಲಿ ಎಂಬುದು ಎರಡೂ ಮನೆಯವರ ಲೆಕ್ಕಾಚಾರ. ಪಾವಗಡ ರಸ್ತೆಯಲ್ಲಿ ಬೆಳಗ್ಗೆ ನಲವತ್ತು ನಿಮಿಷ ನಡೆಯುತ್ತೇವೆ. ಚಹಾ ಕುಡಿದೆವೋ ಇಲ್ಲವೋ ಎಂಬ ಸಂಶಯ ಬಂದ ದಿನ ಮತ್ತೊಂದು ಕುಡಿದು ಸಂಶಯ ಪರಿಹರಿಸಿಕೊಳ್ಳುತ್ತೇವೆ. ನಮ್ಮಲ್ಲಿ ಒಂದೇ ಒಪ್ಪಂದವಿದೆ: ಹೇಳಿದ ಕಥೆಯನ್ನೇ ಇನ್ನೊಬ್ಬ ಮತ್ತೆ ಹೇಳಿದರೆ "ಇದು ಆಗಲೇ ಹೇಳಿದ್ದೀಯ" ಎನ್ನಬಾರದು. ಎಲ್ಲ ಅನಾಹುತಕ್ಕೂ ಈ ಮರ್ಯಾದೆಯೇ ಮೂಲ ಎಂದು ಈಗ ಅನ್ನಿಸುತ್ತಿದೆ.

ಆರು ತಿಂಗಳಾಯಿತು. ಡಾಕ್ಟರು ಕೊಟ್ಟ ಐದು ಪದಗಳಲ್ಲಿ ನಾಲ್ಕನ್ನು ಹೇಳಿದೆ. ಗಡಿಯಾರದ ಚಿತ್ರ ಬರೆದೆ, ಮುಳ್ಳುಗಳೂ ಸರಿಯಾದ ಕಡೆ ಕೂತವು. ಅಲ್ಲಿಗೆ ಸುಮ್ಮನಿರಬೇಕಿತ್ತು. ಡಾಕ್ಟರು ಮೆಚ್ಚುಗೆಯಿಂದ ತಲೆಯಾಡಿಸಿದ್ದೇ ಹುರುಪೇರಿ, ಕೇಳದಿದ್ದರೂ ಕುಕ್ಕರಿನ ಕಥೆಯನ್ನು ಮಜ್ಜಿಗೆಯ ಹುಳಿ ಸಮೇತ ಹೇಳಿ ಮುಗಿಸಿದೆ.

"ರೀ, ಅದು ಬಾಷಾಣ್ಣನ ಕಥೆ ಅಲ್ಲೇನ್ರಿ?" ಎಂದಳು ಸರೋಜ. "ಹಬ್ಬದ ದಿನ ಅವರ ಮನೇಲಿ ಊಟಕ್ಕೆ ಕುಂತಾಗ ಅವರೇ ಹೇಳಿದ್ರಲ್ಲ. ನೀವು ಯಾವಾಗ್ರಿ ಅಷ್ಟು ದೂರ ನಡೆದಿದ್ದು? ಹಾಲಿನಂಗಡಿಗೇ ಸ್ಕೂಟರ್ ತಗೊಂಡು ಹೋಗ್ತಿದ್ರಿ."

ಡಾಕ್ಟರ ಪೆನ್ನು ನಿಂತಿತು. "ಬಾಷಾ ಅವರು ಮೊನ್ನೆ ನನಗೂ ಇದನ್ನೇ ಹೇಳಿದ್ರು" ಎಂದರು. "ಮರೆಯೋದು ಬೇರೆ, ಬೇರೆಯವರದ್ದು ನೆನಪಾಗೋದು ಬೇರೆ. ಯಾರದ್ದು ಅಂತ ವಿಚಾರಿಸಿ ಬನ್ನಿ, ಆಮೇಲೆ ಬರೀತೀನಿ." ನನ್ನ ಮೊಳಕಾಲ್ಮೂರು ಆ ಪೆನ್ನಿನ ತುದಿಯಲ್ಲಿ ನೇತಾಡಿತು.

ಮರುದಿನ ನಡೆಯುವಾಗ ನೇರವಾಗಿ ಕೇಳಿದೆ. "ಲೇ ಬಾಷಾ, ಕುಕ್ಕರ್ ಹೊತ್ಕೊಂಡು ನಡೆದಿದ್ದು ಯಾರೋ?"

"ನಾನೇ ಕಣೋ. ರಿಪೇರಿ ಮಾಡಿದ್ದು ಯಾರು?"

"ರಿಪೇರಿ ಮಾಡಿದ್ದು ನೀನು, ಒಪ್ತೀನಿ. ಅಕ್ಕ ನಂದು. ಕೊಡಕ್ಕೆ ನಾನು ಹೋಗಿರ್ತೀನಿ."

"ನಿಂಗೆ ಜ್ವರ ಬಂದಿತ್ತು, ನನ್ನ ಕಳಿಸ್ದೆ."

"ಜ್ವರ ಬಂದಿದ್ದು ನಿಂಗೆ ಕಣಲೇ."

ಬಾಷಾ ನಿಂತು ಯೋಚಿಸಿದ. "ಜ್ವರ ಇಬ್ಬರಿಗೂ ಬಂದಿತ್ತು ಅನ್ನು. ಹಂಗಾದ್ರೆ ನಡೆದಿದ್ದು ಯಾರು? ನನ್ನ ಸೊಸೆ ಬೇರೆ ಮಾವ ಸುಳ್ಳು ಹೇಳ್ತಾರೆ ಅಂತವ್ಳೆ." ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಅವನ ನೆನಪಿನ ಬಗ್ಗೆಯೂ ಬರೆಯಬೇಕಾದ ಕಾಗದವೊಂದು ಅದೇ ಡಾಕ್ಟರ ಮೇಜಿನ ಮೇಲಿದೆ ಎಂದು ನನಗೆ ಆಗಲೇ ಹೊಳೆದದ್ದು. ನಾನು ಗೆದ್ದರೆ ಅವನು ಸೋಲುತ್ತಾನೆ.

ಸಾಕ್ಷಿ ಉಳಿದಿದ್ದುದು ಅಕ್ಕ ಒಬ್ಬಳೇ. ಇಬ್ಬರೂ ಜೊತೆಗಿರುತ್ತೇವೆಂದು ಮಾತು ಕೊಟ್ಟು, ಸರೋಜಳ ಅಪ್ಪಣೆ ಪಡೆದು ಬಸ್ ಹತ್ತಿದೆವು. ದಾರಿಯಲ್ಲಿ ಸಿದ್ದಾಪುರದ ಗುಡ್ಡಗಳು ಕಂಡಾಗ ಇಬ್ಬರೂ ಏಕಕಾಲಕ್ಕೆ "ಇಲ್ಲೇ" ಎಂದೆವು. ಬೆರಳುಗಳು ಮಾತ್ರ ಬೇರೆ ಬೇರೆ ಕಡೆ ತೋರಿಸುತ್ತಿದ್ದವು.

ಅಕ್ಕ ಜಗಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಮ್ಮ ವಾದವನ್ನು ಪೂರ್ತಿ ಕೇಳಿದಳು. "ಏಮೋಪ್ಪ, ಯಾರಿಗೆ ಗೊತ್ತು" ಎಂದಳು. "ಕುಕ್ಕರ್ ಬಂತು, ಅದು ಖರೆ. ವಿಷಲ್ ಇರಲಿಲ್ಲ, ಅದೂ ಖರೆ. ಬಿಸಿಲಾಗೆ ನಡ್ಕೊಂಡು ಬಂದೋರಿಗೆ ಮೊದ್ಲು ಕಾಲಿಗೆ ನೀರು ಕೊಡ್ಬೇಕು, ಕೊಟ್ಟೆ. ಪಾದ ಎರಡೂ ಬೊಬ್ಬೆ ಬಂದಿದ್ವು. ಅಯ್ಯೋ ಪಾಪ ಅಂತ ಅದನ್ನೇ ನೋಡ್ತಾ ನಿಂತೆ. ಮುಖ ಯಾರು ನೋಡ್ತಾರೋ?"

"ಹಂಗಾದ್ರೆ ಈಗ ನೋಡ್ರಿ ಅಕ್ಕ" ಎಂದು ಬಾಷಾ ಚಪ್ಪಲಿ ಬಿಟ್ಟು ಪಾದ ಚಾಚಿದ. ನಾನೂ ಚಾಚಿದೆ. ಅಕ್ಕ ಬಗ್ಗಿ, ನಾಲ್ಕು ಪಾದಗಳನ್ನೂ ಬಹಳ ಹೊತ್ತು ನೋಡಿದಳು.

"ಇಬ್ಬರವೂ ಒಂದೇ ಥರ ಹಾಳಾಗ್ಯಾವೆ" ಎಂದು ಶೇಂಗಾಕ್ಕೆ ಮರಳಿದಳು.

ಡಾಕ್ಟರ ಮುಂದೆ ಇಬ್ಬರೂ ಒಟ್ಟಿಗೇ ಹೋಗಿ ಕೂತು, ಕಥೆ ಯಾರದೆಂದು ತಿಳಿಯಲಿಲ್ಲ ಎಂದೆವು. ಅವರು ಇಬ್ಬರ ಕಾಗದದಲ್ಲೂ ಏನನ್ನೋ ಬರೆದರು, "ನಡಿಗೆ ನಿಲ್ಲಿಸಬೇಡಿ" ಎಂದರು. ಸರೋಜ ಅದನ್ನು ಓದಿ, ಇನ್ನು ಮುಂದೆ ಮೊಳಕಾಲ್ಮೂರಿಗೆ ಇಬ್ಬರೂ ಸೇರಿಯೇ ಹೋಗಬೇಕೆಂದು ತೀರ್ಪು ಕೊಟ್ಟಳು. ಬಾಷಾ ಈಗ ಅಲ್ಲಿ ಪ್ರತಿಸಲವೂ ನನ್ನನ್ನು ಮಾತ್ರೆ ನುಂಗಿದೆಯಾ ಎಂದು ಕೇಳುತ್ತಾನೆ. ನಡಿಗೆಯಿಂದ ನನ್ನ ನೆನಪು ಸುಧಾರಿಸಿತೋ, ಅಥವಾ ಬಾಷಾನದ್ದು ಬಂದು ಸೇರಿಕೊಂಡಿತೋ ಗೊತ್ತಿಲ್ಲ. ಕುಕ್ಕರ್ ಹೊತ್ತು ನಡೆದವನು ಯಾರೆಂಬುದೂ ಗೊತ್ತಿಲ್ಲ.