ಮೂವತ್ತೊಂದು ಈರಕ್ಕ

ಉಗುರು ಮುರಿಯಿತೇ ಹೊರತು ಸ್ಟಿಕರ್ ಕದಲಲಿಲ್ಲ. ಮೈಲಾರೇಶ ಇನ್ನೊಂದು ಬೆರಳು ಹಚ್ಚುವಷ್ಟರಲ್ಲಿ ಚಾದಂಗಡಿ ಪಾಲಣ್ಣ ಅವನ ಮುಂಗೈ ಹಿಡಿದ.

“ಏನ್ ಮಾಡಾಕತ್ತೀಲೇ?”

“ಸ್ಟಿಕರ್ ತಗೀತೀನಿ ಪಾಲಣ್ಣ. ತಪ್ಪಿ ಹಚ್ಚೀನಿ.”

“ಮುಟ್ಟಿದ್ರ ನೋಡು! ಅದು ಬಂದಾಗಿಂದ ಒಂದಿನಾನೂ ಹಾಲು ಒಡದಿಲ್ಲ. ಕೆಟ್ಟ ಕಣ್ಣು ಇತ್ತಾಗ ಸುಳೀವಲ್ದು.”

ಕೊಟ್ಟೂರಿನಲ್ಲಿ ಮಕ್ತುಂ ಸಾಬರ ರೇಡಿಯಂ ಅಂಗಡಿಯಲ್ಲಿ ನಂಬರ್ ಪ್ಲೇಟಿನ ಅಕ್ಷರ ಕತ್ತರಿಸುವ ಮೈಲಾರೇಶ, ಹಳೇ ಬಂಡಿಯ ಹಲಗೆಗೆ ಗಾಲಿ ಕೂರಿಸಿ ಸ್ಕೇಟ್‌ಬೋರ್ಡ್ ಮಾಡಿಕೊಂಡಿದ್ದ. ಸ್ಕೇಟ್‌ಬೋರ್ಡಿನ ಹುಡುಗರು ತಮ್ಮದೇ ಚಿತ್ರ ಬರೆದು ಹೋದಲ್ಲೆಲ್ಲ ಹಚ್ಚುವುದನ್ನು ಮೊಬೈಲಿನಲ್ಲಿ ನೋಡಿದ ಮೇಲೆ ಇವನಿಗೂ ಒಂದು ಚಿತ್ರ ಬೇಕಾಯಿತು. ಗಾಲಿಯ ಸದ್ದಿಗೆ ಹೊರಬಂದು, ಕಣ್ಣುಗುಡ್ಡೆ ತಿರುಗಿಸಿ, “ಇನ್ನೊಮ್ಮಿ ಸಪ್ಪಳಾದ್ರ ಈ ಹಲಗಿ ನೀರೊಲಿಗೆ ಹಾಕ್ತೀನಿ!” ಎಂದು ಅರಚಿದ ಪಕ್ಕದ ಮನೆಯ ಈರಕ್ಕನ ಮುಖವೇ ಕಣ್ಣಿಗೆ ಕಟ್ಟಿತ್ತು. ಅದನ್ನೇ ಬರೆದ. ನಾಲಿಗೆಯನ್ನು ಮಾತ್ರ ತಾನಾಗಿ ಸೇರಿಸಿದ. ಆಕೆ ತಂಬ್ರಹಳ್ಳಿಯ ತಂಗಿಯ ಮನೆಗೆ ಹೋಗಿದ್ದ ಎಂಟು ದಿನದಲ್ಲಿ ಊರ ತುಂಬ ಮೂವತ್ತು ಈರಕ್ಕಂದಿರು ನಾಲಿಗೆ ಚಾಚಿ ನಿಂತರು. ಎಲ್ಲಕ್ಕಿಂತ ದೊಡ್ಡಾಕೆ ಹಲಗೆಯ ಹೊಟ್ಟೆಗೆ ಅಂಟಿಕೊಂಡಳು.

ಇವತ್ತು ಹನ್ನೆರಡರ ಬಸ್ಸಿಗೆ ಈರಕ್ಕ ವಾಪಸ್. ನಾಲ್ಕಕ್ಕೆ ಹಗರಿಬೊಮ್ಮನಹಳ್ಳಿಯಲ್ಲಿ ಸ್ಕೇಟಿಂಗ್ ಪಂದ್ಯ. ತಾವೇ ಮಾಡಿದ ಹಲಗೆ ತಂದವರಿಗಷ್ಟೇ ಅವಕಾಶ. ನಡುವೆ ನೀರೊಲೆ ಬಾಯಿ ತೆರೆದು ಕೂತಿತ್ತು.

ಹಲಗೆಯೇರಿ ಭರಮಮ್ಮನ ಕುರಿದೊಡ್ಡಿಗೆ ಹೋದ. ಆಕೆ ಕಂಬದ ಸ್ಟಿಕರ್ ಬಿಡಿಸಿ ಟಗರಿನ ಹಣೆಗೆ ಹಚ್ಚಿದ್ದಳು. ಮೈಲಾರೇಶ ಕೈ ಚಾಚಿದ. ಟಗರು ಹಣೆಯನ್ನು ತಾನೇ ತಂದುಕೊಟ್ಟಿತು. ತಿಪ್ಪೆಯಲ್ಲಿ ಎದ್ದು ಕೂತವನಿಗೆ ಭರಮಮ್ಮ ಹೇಳಿದಳು: “ಇನ್ನೆರಡು ಕೊಟ್ಟೋಗೋ ಯಪ್ಪಾ, ಮರಿಗೆ ಬೇಕು.”

ಕುಂಟುತ್ತ ಬಸ್‌ಸ್ಟ್ಯಾಂಡಿಗೆ ಬಂದ. ಅಕ್ರಂನ ಆಟೋದ ಬೆನ್ನಿಗೆ ಉಗುರು ಹಾಕಿದ್ದೇ ತಡ, ಆಗಲೇ ಬಸ್ಸಿಳಿದು ಆಟೋದಲ್ಲಿ ಕೂತಿದ್ದ ಈರಕ್ಕ ಚೀಲ ಸಮೇತ ಕೆಳಗಿಳಿದಳು.

“ಏನ್ ಕೆರ್ಯಾಕತ್ತೀಲೇ?”

ಬಗ್ಗಿ ನೋಡಿದಳು. ಚಿತ್ರದ ಮೂಗಿನ ಮೇಲಿನ ನರಹುಲಿ ಮುಟ್ಟಿದಳು. ತನ್ನದನ್ನೂ ಮುಟ್ಟಿಕೊಂಡಳು. ಮೈಲಾರೇಶ ಕಣ್ಣು ಮುಚ್ಚಿದ.

“ದೊಡ್ಡವ್ವಾ, ಇದನ್ನ ಹಚ್ಚಿದ್ ಮ್ಯಾಲೆ ಒಂದು ಪಂಚರ್ ಇಲ್ಲ,” ಎಂದ ಅಕ್ರಂ. ಎದುರಿನ ಚಾದಂಗಡಿಯಿಂದ ಪಾಲಣ್ಣನೂ ಬಂದು ಕೈ ಮುಗಿದ: “ಇಡೀ ಊರಿನ ದೃಷ್ಟಿ ತಗದೀದಿ ನಮ್ಮವ್ವಾ!”

ಈರಕ್ಕನ ಮುಖ ನಿಧಾನವಾಗಿ ಅರಳಿತು. “ನಿನ್ನ ಮಾರಿ ಕಂಡ್ರ ದೆವ್ವ ಓಡ್ತಾವು ಅಂತಿದ್ರು ನಮ್ಮನಿಯವ್ರು. ಅದು ಹೊಗಳಿಕಿ ಅಂತ ತಿಳದಿರಲಿಲ್ಲ ನೋಡು.”

ಬದುಕಿದೆ ಎಂದು ಮೈಲಾರೇಶ ಉಸಿರು ಬಿಟ್ಟ. ಆ ಉಸಿರು ಮುಗಿಯುವ ಮೊದಲೇ ಅವನ ಕಂಕುಳಿಂದ ಹಲಗೆ ಈರಕ್ಕನ ಕೈಗೆ ಹೋಗಿತ್ತು.

“ಊರಿಗೆಲ್ಲಾ ಸಣ್ಣು. ನನ್ನ ಬಾಗಲಕ್ಕ ದೊಡ್ಡದು!”

ಎರಡೂವರೆಗೆ ಹಲಗೆ ಈರಕ್ಕನ ಬಾಗಿಲ ನೆತ್ತಿಯ ಮೇಲೆ ನಾಲ್ಕು ಮೊಳೆ ಹೊಡೆಸಿಕೊಂಡು ನಿಂತಿತ್ತು. ಗಾಲಿಗಳು ಮುಖದ ಎರಡೂ ಕಡೆ ಕಿವಿಯೋಲೆಯಂತೆ ಕಾಣುತ್ತಿದ್ದವು.

“ದೊಡ್ಡವ್ವಾ, ಗಾಲಿ ಯಾಕ್ರಿ ನಿಮಗ?”

“ದೆವ್ವದ ಬೆನ್ನು ಹತ್ತಾಕ.”

“ಇದರ ಎರಡರಷ್ಟು ದೊಡ್ಡದು, ಹೊಳಿಯೋ ರೇಡಿಯಂದಾಗ ಮಾಡಿಕೊಡ್ತೀನ್ರಿ. ಕತ್ತಲದಾಗೂ ಕಾಣ್ತೀರಿ. ಇದೊಂದು ಇಳಿಸ್ರಿ, ಪಂದ್ಯಕ್ಕ ಹೊತ್ತಾಗಾಕತ್ತೈತಿ!”

ಈರಕ್ಕ ಕಣ್ಣುಗುಡ್ಡೆ ತಿರುಗಿಸಿದಳು. ಮೇಲಿನ ಮುಖ, ಕೆಳಗಿನ ಮುಖ ಎರಡೂ ಒಂದೇ ಆದವು.

“ಒಲ್ಲೆ.”