ಅಭಿಪ್ರಾಯ ಬರೆಯದೆ ಮುಂದಿನ ಪುಸ್ತಕ ಇಲ್ಲ

ಬೇರೆ ಕಡೆ ಪುಸ್ತಕದ ಒಳಗೆ ಮಾತ್ರ ಕಥೆ ಇರುತ್ತದೆ. ನಮ್ಮ ಹಲಸೂರಿನ ಲೈಬ್ರರಿಯಲ್ಲಿ ಪುಸ್ತಕದ ಹಿಂಬದಿಯಲ್ಲೂ ಒಂದು ನಡೆಯುತ್ತದೆ, ಅದೂ ವಾರ ತಪ್ಪದೆ.

ಲೈಬ್ರರಿ ಎಂದರೆ ದೊಡ್ಡದೇನಲ್ಲ. ಕೆರೆಯ ಹತ್ತಿರ ಒಬ್ಬ ನಿವೃತ್ತ ಟೀಚರ್ ತಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಪಾಟು ಜೋಡಿಸಿದ್ದಾರೆ. ಪಾಪ, ಕಾರು ಬೀದಿಯಲ್ಲಿ ಬಿಸಿಲು ಕಾಯಿಸುತ್ತದೆ. ಟೀಚರ್ ಮನೆಯೊಳಗೆ ತಮಿಳು, ತರಕಾರಿ ಗಾಡಿಯವನ ಹತ್ತಿರ ಉರ್ದು, ಪುಸ್ತಕದ ವಿಷಯಕ್ಕೆ ಬಂದರೆ ಕನ್ನಡ. ಅವರ ಕಾನೂನು ಎರಡು. ಪುಸ್ತಕ ವಾಪಸ್ ಕೊಡುವಾಗ ಹಿಂಬದಿಗೆ ಅಂಚಿನಲ್ಲಿ ಅಂಟಿಸಿದ ಹಾಳೆಯಲ್ಲಿ ಅಭಿಪ್ರಾಯ ಬರೆದು ಮೆಂಬರ್ ನಂಬರ್ ಹಾಕಬೇಕು, ಇಲ್ಲದಿದ್ದರೆ ಮುಂದಿನ ಪುಸ್ತಕ ಇಲ್ಲ. ಇನ್ನೊಂದು, ವರ್ಷದೊಳಗೆ ಎರಡು ಅಭಿಪ್ರಾಯವಾದರೂ ಬೀಳದ ಪುಸ್ತಕ ಶಿವಾಜಿನಗರದ ಹಳೇ ಪುಸ್ತಕದವನ ಪಾಲು.

ಈ ಎರಡನೇ ಕಾನೂನೇ ನನ್ನ ನೆಮ್ಮದಿ ಕೆಡಿಸಿದ್ದು. ಕಪಾಟಿನ ಕೆಳಗಿನ ಸಾಲಿನಲ್ಲಿದ್ದ ಒಂದು ತೆಳ್ಳನೆಯ ಕಾದಂಬರಿ ನಾನೇ ಬೇರೆ ಹೆಸರಿನಲ್ಲಿ ಬರೆದದ್ದು. ಟೀಚರಿಗೂ ಹೇಳಿರಲಿಲ್ಲ. ಗುರುತಿನವರ ಹೊಗಳಿಕೆ ಬೇಡ, ಗುರುತಿಲ್ಲದವರ ನಿಜವಾದ ಮಾತು ಬೇಕು ಎಂಬ ಹುಚ್ಚು. ಪ್ರತಿ ಭಾನುವಾರ ಹೋಗಿ ಹಾಳೆ ತೆರೆದು ನೋಡುತ್ತಿದ್ದೆ. ಹತ್ತು ತಿಂಗಳಾದರೂ ಹಾಳೆ ಖಾಲಿ.

ಮನೆ ಖಾಲಿ ಮಾಡಿಸಿದ ಪುಸ್ತಕ

ಇತರರ ಪುಸ್ತಕಗಳಿಗೆ ಮಾತ್ರ ಯೋಗವೋ ಯೋಗ. ಮನೆಯಲ್ಲಿ ಬೇಡದ ಸಾಮಾನು ತೆಗೆದು ಹಾಕುವುದು ಹೇಗೆ ಎಂದು ತಿಳಿಸುವ ಪುಸ್ತಕವೊಂದನ್ನು ಇಂದಿರಾನಗರದ ಆಂಟಿಯೊಬ್ಬರು ಒಯ್ದಿದ್ದರು. ಮುಂದಿನ ವಾರ ಮುಖ ಅರಳಿಸಿಕೊಂಡು, ಬರಿಗೈಯಲ್ಲಿ ಬಂದರು.

"ಟೀಚರ್, ಎಂಥಾ ಪುಸ್ತಕ ಅಂತೀರಾ! ಎರಡು ಮಂಚ, ಹಳೇ ಮಿಕ್ಸಿ, ನಮ್ಮೆಜಮಾನ್ರ ಶರ್ಟು, ಎಲ್ಲಾ ಕೊಟ್ಬಿಟ್ಟೆ. ಮನೆ ಉಸಿರಾಡ್ತಿದೆ."

"ಸಂತೋಷ ಕಣಮ್ಮಾ. ಪುಸ್ತಕ ಎಲ್ಲಿ?"

"ಓದಿ ಮುಗಿದ್ಮೇಲೆ ಅದೂ ಬೇಡದ ಸಾಮಾನೇ ಅಲ್ವಾ ಟೀಚರ್?"

ಟ್ಯೂಬ್‌ಲೈಟಿನ ಓದುಗರು

ಒಂದು ಪತ್ತೇದಾರಿ ಕಾದಂಬರಿಯ ಹಾಳೆಯಲ್ಲಿ ಯಾರೋ ಪುಣ್ಯಾತ್ಮ ಕೊಲೆಗಾರನ ಹೆಸರನ್ನೇ ಬರೆದು, "ನನಗೆ ಮೂರನೇ ಪುಟದಲ್ಲೇ ಗೊತ್ತಾಯಿತು" ಎಂದು ಬೆನ್ನು ತಟ್ಟಿಕೊಂಡಿದ್ದ. ಟೀಚರ್ ಕೆಂಡವಾದರು. ಆ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿದರು.

ಅದುವರೆಗೆ ಮೂಲೆಯಲ್ಲಿದ್ದ ಪುಸ್ತಕಕ್ಕೆ ಒಮ್ಮೆಲೇ ಬೇಡಿಕೆ ಬಂತು. ಕಲ್ಯಾಣ ನಗರದಿಂದಲೂ ಮೆಂಬರುಗಳು ಬಂದರು. ಒಳಗಿನ ಪುಟ ಯಾರೂ ತೆರೆಯುತ್ತಿರಲಿಲ್ಲ. ಸರದಿಯಲ್ಲಿ ನಿಂತು, ಹಿಂಬದಿಯ ಹಾಳೆಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಓದಿ, "ಚೆನ್ನಾಗಿದೆ" ಎಂದು ಬರೆದು ಹೋಗುತ್ತಿದ್ದರು. ನನ್ನ ಪುಸ್ತಕದಲ್ಲೂ ಒಂದು ಕೊಲೆ ಮಾಡಿಸಬೇಕಿತ್ತು ಎಂದು ನಿಜವಾಗಿ ಹೊಟ್ಟೆ ಉರಿಯಿತು.

ಉಪ್ಪು ಜಾಸ್ತಿ

ಹನ್ನೊಂದನೇ ತಿಂಗಳು ನನ್ನ ಹಾಳೆಯಲ್ಲಿ ಅಕ್ಷರ ಕಂಡಿತು! ಓದಿದೆ: "ಮನೆಯವರಿಗೆಲ್ಲ ಇಷ್ಟವಾಯಿತು. ಉಪ್ಪು ಸ್ವಲ್ಪ ಜಾಸ್ತಿ."

ಆ ವಾರವೆಲ್ಲ ನನಗೆ ಅದೇ ಚಿಂತೆ. ದೊಡ್ಡನೆಕ್ಕುಂದಿಯ ಆಫೀಸಿನಲ್ಲಿ ಕೂತು ನನ್ನದೇ ಕಾದಂಬರಿಯನ್ನು ಮೊದಲಿಂದ ಕೊನೆಯವರೆಗೆ ತಡಕಾಡಿದೆ. ಇಡೀ ಕಥೆಯಲ್ಲಿ ಯಾರೂ ಊಟವನ್ನೇ ಮಾಡಿಲ್ಲ.

ಟೀಚರೇ ಪತ್ತೆ ಹಚ್ಚಿದರು. ಒಬ್ಬ ಹುಡುಗಿ ಪುಸ್ತಕ ಓದದೆ, ಪಕ್ಕದ ಅಡುಗೆ ಪುಸ್ತಕದ ಹಾಳೆಯಿಂದ ನೋಡಿ ನಕಲು ಮಾಡಿದ್ದಳು. "ಓದದೆ ಬರ್ದಿದ್ದು ಲೆಕ್ಕಕ್ಕಿಲ್ಲ" ಎಂದು ಕೆಂಪು ಗೆರೆ ಎಳೆದರು. ವರ್ಷ ತುಂಬಲು ಮೂರು ವಾರ ಉಳಿದಿತ್ತು, ನನ್ನ ಖಾತೆಯಲ್ಲಿ ಸೊನ್ನೆ.

ಹದಿನಾರನೇ ನಂಬರಿನವನು

ಮನೆಯಲ್ಲಿ ಹೆಂಡತಿಯ ಮುಂದೆ ಗೋಳು ತೋಡಿಕೊಂಡೆ. ನಮ್ಮದು ಹಾವೇರಿ ಕಡೆ. ಆಕೆ ಚಪಾತಿ ಲಟ್ಟಿಸುತ್ತಲೇ ಹೇಳಿದಳು, "ನಿಮಗೂ ಮೆಂಬರ್ ನಂಬರ್ ಐತಿಲ್ರಿ? ಹೋಗಿ ನೀವ ತಗೊಂಡು ಬರೀರಿ. ಅದರಾಗೇನೈತಿ?"

ತಗೊಂಡೆ. ಬರೆಯಲು ಕೂತಾಗ ಭಯವಾಯಿತು. ಹೊಗಳಿದರೆ ಅನುಮಾನ ಬರುತ್ತದೆ. ಹಾಗಾಗಿ ಎದೆ ಗಟ್ಟಿ ಮಾಡಿಕೊಂಡು ಹೀಗೆ ಬರೆದೆ: "ಪರವಾಗಿಲ್ಲ. ಮಧ್ಯದಲ್ಲಿ ಎಳೆದಿದ್ದಾರೆ. ಅಜ್ಜಿಯ ಪಾತ್ರ ಬೇಕಿರಲಿಲ್ಲ. ಮೆಂಬರ್ 16." ಸ್ವಂತ ಮಗುವನ್ನು ಜಿಗುಟಿದ ಹಾಗಾಯಿತು.

ವರ್ಷದ ಕೊನೆಯ ಭಾನುವಾರ ಶೆಡ್ಡಿಗೆ ಹೋದರೆ, ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು ನನ್ನ ಕಾದಂಬರಿಯನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ನನ್ನ ಸಾಲಿನ ಕೆಳಗೆ ಹಾಳೆ ಪೂರ್ತಿ ಅವರ ಅಕ್ಷರದಿಂದ ತುಂಬಿತ್ತು. ಎರಡನೇ ಅಭಿಪ್ರಾಯ! ನನ್ನ ಪುಸ್ತಕ ಉಳಿಯಿತು! ಕುಣಿಯಬೇಕು ಅನ್ನಿಸಿತು.

"ಹದಿನಾರು ನೀವೇನಾ?" ಎಂದರು ಅವರು.

"ಹೌದು ಸಾರ್."

"ಅಜ್ಜಿ ಬೇಡ್ವಾ ನಿಮಗೆ? ಆ ಅಜ್ಜಿ ಬಸ್ ಸ್ಟಾಪಲ್ಲಿ ಒಬ್ಬಳೇ ಕೂತ್ಕೊಳೋದು ಓದಿ ನಾನು ಅತ್ತಿದೀನ್ರೀ, ಈ ವಯಸ್ಸಲ್ಲಿ! ಮನುಷ್ಯರೇನ್ರೀ ನೀವು?"

ಕಣ್ಣು ತುಂಬಿ ಬಂತು. ಹತ್ತು ತಿಂಗಳು ಖಾಲಿ ಹಾಳೆ ನೋಡಿದ್ದೆಲ್ಲ ಸಾರ್ಥಕವಾಯಿತು. "ಥ್ಯಾಂಕ್ಸ್ ಸಾರ್" ಎಂದೆ.

"ಬೈದ್ರೆ ಥ್ಯಾಂಕ್ಸ್ ಅಂತಾರೆ ನೋಡಿ ಟೀಚರ್! ಬರೆದೋರು ಇದನ್ನ ಓದಿದ್ರೆ ಎಷ್ಟು ನೊಂದ್ಕೋತಾರೆ ಅಂತ ಯೋಚನೆ ಮಾಡಿದೀರಾ?"

"ತುಂಬಾ ನೊಂದ್ಕೊಂಡಿದಾರೆ ಸಾರ್."

"ನಿಮಗೇನ್ ಗೊತ್ತು ಅವ್ರ ಕಷ್ಟ? ಜೀವನದಲ್ಲಿ ನಾಲ್ಕು ಸಾಲು ಬರೆದಿದೀರಾ?"

ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಟೀಚರ್ ಮೇಜಿನ ಮೇಲಿದ್ದ ಕೆಂಪು ಪೆನ್ನು ಕಣ್ಣಿಗೆ ಬಿತ್ತು. ಬರೆದವನು ನಾನೇ ಎಂದರೆ ನನ್ನ ಅಭಿಪ್ರಾಯಕ್ಕೆ ಗೆರೆ ಬೀಳುತ್ತದೆ, ಉಳಿಯುವುದು ಒಂದೇ, ಪುಸ್ತಕ ನೇರ ಶಿವಾಜಿನಗರ. ತಲೆ ತಗ್ಗಿಸಿದೆ.

"ಇಲ್ಲ ಸಾರ್. ತಪ್ಪಾಯ್ತು."

ಹಿರಿಯರು ಸಮಾಧಾನವಾಗಿ ಹೆಗಲು ತಟ್ಟಿದರು. ಟೀಚರ್ ರಿಜಿಸ್ಟರ್ ತೆರೆದು ನನ್ನ ಕಾದಂಬರಿಯನ್ನು ನನ್ನ ಹೆಸರಿಗೇ ಮತ್ತೆ ಬರೆದು, ಕೈಗೆ ಕೊಟ್ಟು ಹೇಳಿದರು: "ಈ ಸಲಾನಾದ್ರೂ ಪೂರ್ತಿ ಓದಿ ಸಾರ್."