ಗೆರೆ ಮಟ್ಟದ ಸಮುದ್ರ

ಆಗ ನನಗೆ ನಲವತ್ತು. ಅದಾಗಿ ನಲವತ್ತು ವರ್ಷದ ಮೇಲಾಯಿತು. ಸರಿಯಾಗಿ ಎಷ್ಟು ಅಂತ ಕೇಳಬೇಡಿ. ನಾನು ಸಾಲಿಗೆ ಹೋದದ್ದು ಅಕ್ಷರ ಕೂಡಿಸಿ ಓದುವಷ್ಟು ಮಾತ್ರ, ಲೆಕ್ಕ ಶುರುವಾಗುವ ಹೊತ್ತಿಗೆ ಬಿಡಿಸಿದರು. ಆದರೂ ಒಂದು ಮಾತು ಬಲ್ಲೆ. ಹೆಂಗಸಿನ ಅರ್ಧ ಆಯುಷ್ಯ ನೀರು ತರುವುದರಲ್ಲಿ ಹೋಗುತ್ತದೆ, ಉಳಿದರ್ಧ ತಂದ ನೀರು ಕಾಯುವುದರಲ್ಲಿ. ನಮ್ಮಪ್ಪನಿಗೂ ಇದು ಗೊತ್ತಿತ್ತು. ನನಗೆ ಮೊದಲು ಬಂದ ಸಂಬಂಧ ಸವದತ್ತಿ ಕಡೆಯದು. ಹೊಲ ಇತ್ತು, ಎತ್ತು ಇದ್ದವು, ಹುಡುಗನೂ ನೆಟ್ಟಗಿದ್ದ. ಹಳ್ಳ ದೂರ, ಕೊಡ ಹೊತ್ತು ಮಗಳ ನೆತ್ತಿ ಸವೆಯುತ್ತದೆ ಅಂತ ಅಪ್ಪ ಒಲ್ಲೆ ಅಂದ. ಬೈಲಹೊಂಗಲದ ಈ ಮನೆಗೆ ಹಿತ್ತಲಲ್ಲೇ ಬಾವಿ, ಓಣಿಯ ತಿರುವಿನಲ್ಲೇ ನಳ ಇದ್ದದ್ದು ನೋಡಿ ಇಲ್ಲಿ ಕೊಟ್ಟ. ಬಾವಿಯ ನೀರು ಸವಳು, ಅದರಲ್ಲಿ ಬೇಳೆ ಬೇಯುವುದಿಲ್ಲ, ನಳ ಮನಸ್ಸು ಬಂದಾಗ ಬರುತ್ತದೆ ಅನ್ನುವುದನ್ನು ಅವನಿಗೆ ಯಾರೂ ಹೇಳಲಿಲ್ಲ. ಗಂಡು ಬಸ್ಸಿನ ಡ್ರೈವರ ಅನ್ನುವುದನ್ನು ಮಾತ್ರ ಹೇಳಿದ್ದರು.

ನಮ್ಮ ಮನೆಯವರು ಕಾರವಾರದ ಗಾಡಿ ಹೊಡೆಯುತ್ತಿದ್ದರು. ಒಂದು ದಿನ ಹೋಗಿ ಅಲ್ಲೇ ವಸ್ತಿ, ಮರುದಿನ ತಿರುಗಿ ಬರುವುದು. ಗಾಡಿ ಬಿಟ್ಟು ಇಳಿದರೆ ಅವರ ಕಾಲು ಸೀದಾ ಇಸ್ಪೀಟಿನ ಅಡ್ಡೆಗೆ ಹೋಗುತ್ತಿದ್ದವು. ನನ್ನ ಕಿವಿಯ ಬುಗುಡಿ ಹೋದದ್ದೂ ಅಲ್ಲಿಗೇ. ಬೈದು ನೋಡಿದೆ, ಬೇರೆಯವರ ಕಡೆಯಿಂದ ಬೈಸಿ ನೋಡಿದೆ, ಊಟ ಇಡದೆ ನೋಡಿದೆ. ಊಟ ಇಡದಿದ್ದರೆ ಅಡ್ಡೆಯಲ್ಲಿ ಚುರುಮುರಿ ಸಿಗುತ್ತದೆ. ಕೊನೆಗೆ ಅವರನ್ನು ಮನೆಗೆ ಹಿಡಿದು ತಂದದ್ದು ನಾನಲ್ಲ, ಒಂದು ಹುಳ.

ಒಂದು ಸಂಜೆ ಖಾಕಿ ಕೋಟಿನಲ್ಲಿ ಸುತ್ತಿದ ಗಾಜಿನ ತೊಟ್ಟಿಯನ್ನು ಹಸುಗೂಸು ಹಿಡಿದಂತೆ ಹಿಡಿದುಕೊಂಡು ಬಂದರು. ಕಾರವಾರದ ಯಾರೋ ಮಾಸ್ತರರು ಹಳೆಯದು ಅಂತ ಕೊಟ್ಟರಂತೆ. ಎರಡು ಕ್ಯಾನು ಸಮುದ್ರದ ನೀರು, ಪಾಚಿ ಹಿಡಿದ ಕಲ್ಲು, ಶಂಖ ಹೊತ್ತು ನಡೆಯುವ ಒಂದು ಏಡಿ, ಮತ್ತೆ ಕಲ್ಲಿಗೆ ಅಂಟಿಕೊಂಡ ಈ ಹುಳ. ಬಿಚ್ಚಿದಾಗ ಸೇವಂತಿಗೆ ಹೂವಿನ ಹಾಗೆ, ಮುಟ್ಟಿದರೆ ಮುದುಡಿ ಹಸಿ ಬದನೆಕಾಯಿಯ ಹಾಗೆ. ಇವರು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, "ಇದಕ್ಕ ಜೀವ ಐತಿ, ನೋಡ" ಅಂದರು.

"ಜೀವ ಇದ್ದಾಕಿ ನಾನೂ ಒಬ್ಬಾಕಿ ಅದೇನಿ ಮನ್ಯಾಗ. ನನ್ನ ಮುಂದ ಹಿಂಗ ಕುಂತು ಎಂದ ನೋಡಿದ್ರಿ?" ಅಂದೆ. ಅದು ಅವರ ಕಿವಿಗೆ ಬೀಳಲಿಲ್ಲ. ಆದರೆ ಆ ಸಂಜೆ ಹೊರಗೆ ಹೋಗಲಿಲ್ಲ. ಮುಂದಿನ ಸಲ ಬಂದಾಗಲೂ ಹೋಗಲಿಲ್ಲ. ನನಗೆ ಲೆಕ್ಕ ಬರದಿದ್ದರೂ ಇಷ್ಟು ತಿಳಿಯಿತು: ಹುಳ ಬಿಚ್ಚಿಕೊಂಡಿದ್ದರೆ ನಮ್ಮವರು ಮನೆಯಲ್ಲಿ, ಮುದುಡಿದರೆ ಅಡ್ಡೆಯಲ್ಲಿ. ಬುಗುಡಿ ಹೋಗಿ ಕೊರಳಲ್ಲಿ ತಾಳಿ ಒಂದು ಉಳಿದಿತ್ತು. ಹುಳದ ಚಾಕರಿಗೆ ನಿಂತೆ.

ಚಾಕರಿ ಅಂದರೆ ಅಂತಿಂಥದ್ದಲ್ಲ. ತೊಟ್ಟಿಯ ಗಾಜಿಗೆ ಕೆಂಪು ಬಣ್ಣದ ಒಂದು ಗೆರೆ ಎಳೆದಿದ್ದರು, ನೀರು ಅದಕ್ಕಿಂತ ಇಳಿಯಬಾರದು. ನಮ್ಮೂರ ಬೇಸಿಗೆಗೆ ನೀರು ಆರುತ್ತದೆ, ಉಪ್ಪು ಆರುವುದಿಲ್ಲ; ಸಾರು ಬತ್ತಿದರೆ ಉಪ್ಪಾಗುವುದಿಲ್ಲವೇ, ಹಾಗೆ. ಆರಿದಷ್ಟಕ್ಕೆ ಸಿಹಿನೀರು ಹಾಕಬೇಕು. ಸವಳು ನಡೆಯದು. ನಳದ ಮುಂದೆ ಸರತಿ ನಿಂತು, ಕೈ ಕೈ ಜಗ್ಗಾಡಿ ತಂದ ಕೊಡದಿಂದ ಮೊದಲ ತಂಬಿಗೆ ಹುಳಕ್ಕೆ. ಉಪ್ಪಿನ ಪರೀಕ್ಷೆಗೆ ಒಂದು ಔಷಧದ ಸೀಸೆ, ಒಳಗೆ ಉಸುಕು, ಬಾಯಿಗೆ ಮೇಣ, ಕುತ್ತಿಗೆಗೆ ಕೆಂಪು ದಾರ. ನೀರಿಗೆ ಬಿಟ್ಟರೆ ದಾರದವರೆಗೆ ಮುಳುಗಿ ನಿಲ್ಲಬೇಕು. ದಾರ ಮೇಲೆ ಬಂದರೆ ಉಪ್ಪು ಹೆಚ್ಚು, ಒಳಗೆ ಹೋದರೆ ಕಡಿಮೆ. ಇಷ್ಟಾದ ಮೇಲೆ ನೀರಿಗೆ ಗಾಳಿ ಬೇಕಂತೆ. ಬೆಳಿಗ್ಗೆ ಸಂಜೆ ಲೋಟದಲ್ಲಿ ಎತ್ತಿ ಎತ್ತಿ ಸುರಿಯುವುದು, ಚಹಾ ಆರಿಸಿದಂತೆ. ಕುಡಿಯುವವರು ಯಾರೂ ಇಲ್ಲದ ಚಹಾ. ಕೈಗೆ ಅರಿಶಿನ ಇರಬಾರದು, ಎಣ್ಣೆ ಇರಬಾರದು. ದೇವರ ಜಗಲಿಗೆ ಹೋಗುವಾಗಲೂ ನಾನು ಅಷ್ಟು ಕೈ ತೊಳೆದವಳಲ್ಲ. ಅದರ ಊಟವನ್ನು ಮಾತ್ರ ಅವರೇ ಕಾಗದದಲ್ಲಿ ಕಟ್ಟಿ ತರುತ್ತಿದ್ದರು. ಏನು ಅಂತ ನಾನು ಕೇಳಲಿಲ್ಲ, ನಮ್ಮದು ಬದನೆಕಾಯಿ ತಿನ್ನುವ ಮನೆ.

ಪ್ರತಿ ಸಲ ಎರಡು ಕ್ಯಾನು ಹೊಸ ನೀರು ಬರುತ್ತಿರುವವರೆಗೆ ಹೇಗೋ ನಡೆಯಿತು. ಆಮೇಲೆ ಇವರನ್ನು ಕಾರವಾರದಿಂದ ತೆಗೆದು ರಾಮದುರ್ಗದ ಗಾಡಿಗೆ ಹಾಕಿದರು. ರಾಮದುರ್ಗದಲ್ಲಿ ಮಲಪ್ರಭೆ ಇದ್ದಾಳೆ, ಕುಡಿದರೆ ಸಕ್ಕರೆ. ಅವಳನ್ನು ತಗೊಂಡು ನಾನೇನು ಮಾಡಲಿ? ಕಾರವಾರದ ಹೊಸ ಡ್ರೈವರನಿಗೆ ಹೇಳಿದರು. ಅವನು ಒಮ್ಮೆ ತಂದ, ಡೀಸೆಲ್ ಡಬ್ಬಿಯಲ್ಲಿ. ನೀರಿನ ಮೇಲೆ ಏಳು ಬಣ್ಣ ತೇಲುತ್ತಿದ್ದವು. ಬಚ್ಚಲಿಗೆ ಚೆಲ್ಲಿದೆ. ಕೊನೆಯ ಸಲ ಇವರೇ ತಂದ ನೀರು ಉಪ್ಪಿನಕಾಯಿಯ ಭರಣಿಯಲ್ಲಿತ್ತು, ಬಾಯಿಗೆ ಅರಿವೆ ಕಟ್ಟಿ ಇಟ್ಟಿದ್ದೆ. ಆ ವರ್ಷ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಇಲ್ಲ.

ಅಷ್ಟರಲ್ಲಿ ಚಚಡಿಯಲ್ಲಿ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ಹೋಗದಿದ್ದರೆ ತಂಗಿ ಸಾಯುವವರೆಗೆ ಆಡುತ್ತಾಳೆ. ಇವರಿಗೆ ಆ ರಾತ್ರಿ ರಾಮದುರ್ಗದಲ್ಲೇ ವಸ್ತಿ. ಮಗ್ಗುಲ ಮನೆಯ ನೀಲವ್ವನ ಕೈಗೆ ಕೀಲಿ ಕೊಟ್ಟು, ಗೆರೆ ತೋರಿಸಿ, ಇದಕ್ಕಿಂತ ನೀರು ಇಳಿಯಗೊಡಬೇಡ ಅಂತ ಹೇಳಿ ಹೋದೆ. ಮರುದಿನ ಬೆಳಿಗ್ಗೆ ಕಾರ್ಯ ಮುಗಿಸಿ ಮಧ್ಯಾಹ್ನ ಬಂದು ನೋಡಿದರೆ ನೀರು ಗೆರೆಗೆ ಸರಿಯಾಗಿದೆ, ಕೂದಲೆಳೆ ಹೆಚ್ಚುಕಡಿಮೆ ಇಲ್ಲ. ಭರಣಿಯೂ ತುಂಬಿದೆ. ಹುಳ ಮಾತ್ರ ಕಲ್ಲಿನಿಂದ ಜೋತುಬಿದ್ದು ಹಿಂಡಿ ಒಗೆದ ಮಸಿಅರಿವೆಯಂತಾಗಿದೆ. ಸೀಸೆ ಬಿಟ್ಟೆ. ಮುಳುಗಿ ತಳ ಸೇರಿತು.

ನೀಲವ್ವನನ್ನು ಕರೆದೆ. ಅವಳು ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಬಂದಳು.

"ಈ ನೀರಿಗೆ ಏನ ಮಾಡೀದಿ?"

"ನಿನ್ನೆ ಗ್ರಹಣ ಇತ್ತಲ್ಲ" ಅಂದಳು. "ಗ್ರಹಣ ಬಿಟ್ಟ ಮ್ಯಾಲ ಸಮುದ್ರದ ನೀರು ಮೈಮ್ಯಾಲ ಬಿದ್ರ ಪುಣ್ಯ ಅಂತಾರ. ಮಗ್ಗುಲ ಮನ್ಯಾಗ ಸಮುದ್ರ ಇಟಗೊಂಡು ಓಣಿ ಮಂದಿ ಕಾರವಾರಕ್ಕ ಹೋಗಬೇಕೇನ? ತೊಟ್ಟೀದು, ಭರಣೀದು ಎರಡೂ ಕೂಡಿಸಿ ಮನಿಗೊಂದು ಚರಿಗಿ ಕೊಟ್ಟೆ."

"ಕೊಟ್ಟಿ. ಮತ್ತ ತೊಟ್ಟಿ ಹೆಂಗ ತುಂಬೈತಿ?"

"ನಮ್ಮನ್ನ ಏನ ಅಂತ ತಿಳದಿ? ಬರೇ ಚರಿಗಿ ಯಾರರ ತಿರುಗಿ ಕೊಡತಾರೇನ? ಇಸಗೊಂಡಷ್ಟು ಎಲ್ಲಾರೂ ತಂದು ಹಾಕ್ಯಾರ, ಗೆರಿತನಕ. ಒಂದು ಹನಿ ಕಡಿಮಿ ಇದ್ರ ತೋರಸ."

"ಯಾವ ನೀರ?"

"ಬಾವೀದು. ಅದಕ್ಕೂ ಚಿಟಿಕಿ ಚಿಟಿಕಿ ಉಪ್ಪ ಹಾಕಿಸೇನಿ. ಉಪ್ಪ ಇಲ್ಲದ್ದ ಹೆಂಗ ತಿರುಗಿ ಕೊಡೂದು?"

ಈಗ ಅವಳನ್ನು ಏನಂತ ಬೈಯುವುದು? ನಮ್ಮ ಓಣಿಯಲ್ಲಿ ಹಿಟ್ಟು ಇಸಿದುಕೊಂಡರೆ ಹಿಟ್ಟು, ಎಣ್ಣೆ ಇಸಿದುಕೊಂಡರೆ ಎಣ್ಣೆ, ಅಳತೆಗೆ ಅಳತೆ ತಿರುಗಿ ಬರುತ್ತದೆ. ಸಮುದ್ರ ಇಸಿದುಕೊಂಡರು, ಸಮುದ್ರ ತಿರುಗಿ ಕೊಟ್ಟರು. ಕಳ್ಳರಾಗಿದ್ದರೆ ಬಾಯಿ ತುಂಬ ಬೈದು ಹಗುರಾಗುತ್ತಿದ್ದೆ. ಅದೊಂದು ಸುಖವೂ ನನಗೆ ಸಿಗಲಿಲ್ಲ.

ಹರಳುಪ್ಪು ಕರಗಿಸಿ, ಸೋಸಿ, ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದೆ. ಸೀಸೆ ಎದ್ದು ಕೆಂಪು ದಾರಕ್ಕೆ ಬಂದು ನಿಂತಿತು. ಹುಳ ಏಳಲಿಲ್ಲ. ಸೀಸೆಗೆ ಉಪ್ಪಾದರೆ ಸಾಕು, ಹುಳಕ್ಕೆ ಸಮುದ್ರವೇ ಬೇಕು. ಲೋಟದಲ್ಲಿ ಎತ್ತಿ ಸುರಿದೆ, ತೊಟ್ಟಿಗೆ ಒದ್ದೆ ಗೋಣಿಚೀಲ ಸುತ್ತಿದೆ, ತೋಳು ಸೋತಿತು. ಒಮ್ಮೆ ಅದರ ಒಂದು ಎಳೆ ಅಲುಗಿದಂತಾಯಿತು. ಸತ್ತಿರಲಿಲ್ಲ, ಅಷ್ಟೇ.

ಸಂಜೆ ಅವರು ಬಂದರು. ನಡೆದದ್ದು ಹೇಳಿದೆ. ಚಕ್ಕಳಮಕ್ಕಳ ಹಾಕಿ ಕುಳಿತು ನೋಡಿದರು. ನನ್ನನ್ನು ಬೈಯಲಿಲ್ಲ, ನೀಲವ್ವನನ್ನೂ ಬೈಯಲಿಲ್ಲ. ಎದ್ದು, ಬಿಟ್ಟ ಚಪ್ಪಲಿಯನ್ನು ತಿರುಗಿ ಮೆಟ್ಟಿಕೊಂಡರು. ಎಲ್ಲಿಗೆ ಅಂತ ಕೇಳಿದೆ.

"ಹಿಂಗ ಹೊರಗ ಹೋಗಿ ಬರತೇನಿ."

ಆ 'ಹಿಂಗ' ಯಾವ ಕಡೆ ಅನ್ನುವುದು ನನ್ನ ಕಿವಿಗೆ ಗೊತ್ತು, ಬುಗುಡಿಯ ತೂತು ಇನ್ನೂ ಮುಚ್ಚಿರಲಿಲ್ಲ. ಕೈ ತಾನಾಗಿ ಕೊರಳಿಗೆ ಹೋಯಿತು. ಎರಡೂ ಕ್ಯಾನು ತೆಗೆದು ಬಿಸಿನೀರು ಹಾಕಿ ತೊಳೆದು ಬೋರಲು ಹಾಕಿದೆ.

ಮರುದಿನ ಬೆಳಿಗ್ಗೆ ಅವರು ರಾಮದುರ್ಗದ ಗಾಡಿಗೆ ಹೋದ ಮೇಲೆ ರೊಟ್ಟಿ ಕಟ್ಟಿಕೊಂಡು, ಕ್ಯಾನು ಹಿಡಿದುಕೊಂಡು ಹೊರಟೆ. ನಳದ ಸರತಿಯಲ್ಲಿ ನಿಂತಿದ್ದ ನೀಲವ್ವ, ನಳ ಇತ್ತ ಇದ್ದರೆ ನೀನು ಅತ್ತ ಎಲ್ಲಿಗೆ ಅಂದಳು. ನಿಲ್ಲದೆ ನಡೆದೆ. ಹಳ್ಳ ದೂರ ಅಂತ ಸವದತ್ತಿ ಕಡೆಯ ಹುಡುಗನನ್ನು ಬಿಡಿಸಿದ ಅಪ್ಪ ನೆನಪಾದ. ಸ್ಟ್ಯಾಂಡಿನಲ್ಲಿ ಗಾಡಿ ಹತ್ತಿ, ಕ್ಯಾನು ಎರಡನ್ನೂ ಕಾಲ ಹತ್ತಿರ ಇಟ್ಟುಕೊಂಡು ಕುಳಿತೆ. ಕಂಡಕ್ಟರ ಗುರುತಿನವನು.

"ಕಾಕೂ, ಇದು ಕಾರವಾರದ ಗಾಡಿರಿ. ಸಮುದ್ರ ನೋಡಾಕ ಹೊಂಟೀರೇನ?"

"ಅದನ್ನೇನ ನೋಡೂದಪಾ" ಅಂದೆ. "ನೀರಿಗೆ ಹೊಂಟೇನಿ."